ಹತ್ತು ಕಿಲೋ ನಿದ್ದೆ

ಬೆಳಗ್ಗೆ ಹತ್ತು ಗಂಟೆಗೆ ದಿಂಬಕ್ಕನ ಫೋನು ಒಮ್ಮೆ ಟಿಣ್ ಎಂದಿತು. ಅಷ್ಟೇ. ಮುಂದಿನ ಏಳು ಗಂಟೆಗಳ ರಾದ್ಧಾಂತಕ್ಕೆ ಆ ಒಂದು ಟಿಣ್ ಸಾಕಾಯಿತು.

ಎಂಟು ತಿಂಗಳಿಂದ ಬಾಗಿಲು ತೆರೆದು ನೊಣ ಹೊಡೆಯುತ್ತಿದ್ದ ಅವಳ ಆನ್‌ಲೈನ್ ಅಂಗಡಿಯಲ್ಲಿ ಮೊದಲ ದಿಂಬು ಮಾರಾಟವಾಗಿತ್ತು. ಕೊಂಡವರು ಪಕ್ಕದ ಬೀದಿಯವರಲ್ಲ, ಪಕ್ಕದ ಊರಿನವರೂ ಅಲ್ಲ. ಸಮುದ್ರದಾಚೆಯ ಯಾವುದೋ ದೇಶದ ಒಬ್ಬ ಹೆಂಗಸು.

ದಿಂಬಕ್ಕ ಹನ್ನೊಂದು ವರ್ಷ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅಂಗಿಯ ಕಾಲರ್ ಹೊಲಿದವಳು. ಗಂಟೆಗೆ ಎಪ್ಪತ್ತು ಕಾಲರ್. ಅಲ್ಲಿ ಬಚ್ಚಲಿಗೆ ಹೋದ ನಿಮಿಷವನ್ನೂ ಬರೆದಿಡುತ್ತಿದ್ದರು. ಆಕಳಿಕೆಯನ್ನು ಮಾತ್ರ ಬರೆಯುತ್ತಿರಲಿಲ್ಲ, ಬರೆಯುವವನಿಗೂ ಅದು ಬರುತ್ತಿತ್ತು. ಯಾರ್ಯಾರದೋ ಕತ್ತಿಗೆ ಕಾಲರ್ ಹೊಲಿದು ಹೊಲಿದು ತನ್ನ ಕತ್ತು ಸೆಟೆದುಕೊಂಡ ಮೇಲೆ ಅವಳು ಕೆಲಸ ಬಿಟ್ಟು, ಹನ್ನೊಂದು ವರ್ಷ ಬಾರದ ನಿದ್ದೆಯ ಆಸೆಯನ್ನೆಲ್ಲ ಒಳಗೆ ತುಂಬಿ ದಿಂಬು ಹೊಲಿಯತೊಡಗಿದಳು. ಬೂರುಗದ ಹತ್ತಿ, ತೊಳೆದು ತೊಳೆದು ಮೆತ್ತಗಾದ ಬಟ್ಟೆ, ಕತ್ತಿನಡಿಗೆ ಒಂದು ಸಣ್ಣ ತಗ್ಗು. ತಲೆಯಿಟ್ಟವರ ರೆಪ್ಪೆ ತಾನಾಗಿ ಇಳಿಯುತ್ತಿತ್ತು, ಸಂಜೆ ಅಂಗಡಿಯ ಶಟರ್ ಇಳಿದ ಹಾಗೆ.

ಆದರೆ ಕೊಳ್ಳುವವರೇ ಇರಲಿಲ್ಲ. ಫ್ಯಾಕ್ಟರಿಯ ಸೂಪರ್‌ವೈಸರ್ ಇನ್ನು ಮೂರು ತಿಂಗಳು ಮಾತ್ರ ಅವಳ ಮಷಿನ್ ಖಾಲಿ ಇಟ್ಟಿರುವುದಾಗಿ ಹೇಳಿಕಳಿಸಿದ್ದ. ಫೋನಿನ ಸುದ್ದಿ ಕೇಳಿದ ಅತ್ತೆ ಅಲ್ಲೇ ತೀರ್ಪು ಕೊಟ್ಟರು.

"ನೋಡೇ, ಈ ದಿಂಬು ನೆಟ್ಟಗೆ ಹೋಗಿ ಮುಟ್ಟಿ, ಇನ್ನೂ ನಾಲ್ಕು ಜನ ಕೇಳಿದ್ರೆ ನೀನು ಮನೇಲಿರು. ಇಲ್ಲಾಂದ್ರೆ ಸುಮ್ನೆ ಕಾಲರ್‌ಗೆ ಹೋಗು."

ಫೋನಿನಲ್ಲಿ ಕೆಂಪು ಅಕ್ಷರಗಳು ಮಿನುಗುತ್ತಿದ್ದವು: ಸಂಜೆ ಐದರೊಳಗೆ ರವಾನೆಯ ವಿಧಾನ ಆರಿಸಿ, ಸರಕು ಒಪ್ಪಿಸಿ, ತಪ್ಪಿದರೆ ಆರ್ಡರ್ ರದ್ದು. ಕೆಳಗೆ ಮೂರು ಗುಂಡಿಗಳು. ಹಡಗು, ನಲವತ್ತೈದು ದಿನ. ಸಾದಾ ವಿಮಾನ, ಹದಿನೈದು ದಿನ. ತುರ್ತು ವಿಮಾನ, ನಾಲ್ಕು ದಿನ.

ಟಿಣ್ ಶಬ್ದ ಮಹಡಿಯ ಮೇಲಿನ ಮೇಷ್ಟ್ರಿಗೆ ಹೇಗೆ ಕೇಳಿಸಿತೋ, ಕನ್ನಡಕ ಒರೆಸಿಕೊಳ್ಳುತ್ತಾ ಇಳಿದುಬಂದರು. ನಿವೃತ್ತ ಭೂಗೋಳದ ಮೇಷ್ಟ್ರು.

"ಹಡಗಿಗೆ ಹಾಕಮ್ಮ. ಮೂವತ್ತೆರಡು ವರ್ಷ ಸಮುದ್ರದ ಪಾಠ ಮಾಡಿದೀನಿ."

"ಸಮುದ್ರ ನೋಡಿದೀರಾ ಮೇಷ್ಟ್ರೇ?" ಎದುರುಮನೆಯ ಇಸ್ತ್ರಿ ಮಾವ ಪೆಟ್ಟಿಗೆ ಕೈಯಲ್ಲಿ ಹಿಡಿದೇ ಒಳಗೆ ಬಂದಿದ್ದ.

"ನಕ್ಷೇಲಿ ನೋಡಿದೀನಲ್ಲ, ಸಾಲದಾ? ನೀಲಿ ಬಣ್ಣ."

"ಅದೆಲ್ಲ ಬೇಡಮ್ಮ, ತುರ್ತು ವಿಮಾನಕ್ಕೆ ಹಾಕು. ಬಟ್ಟೆ ಆಗ್ಲಿ ಗಿರಾಕಿ ಆಗ್ಲಿ, ಬಿಸಿ ಆರೋಕೆ ಬಿಡಬಾರದು."

"ಆ ಕಡೆ ಹೋಗೋರು ಯಾರಾದ್ರೂ ಇದ್ರೆ ತಲೆಯಡೀಲಿ ಇಟ್ಕೊಂಡು ಹೋಗಿ ಅಂತ ಕೊಟ್ಟುಬಿಡೋದಪ್ಪ. ಇದಕ್ಕೊಂದು ಗುಂಡಿ ಬೇರೆ!" ಎಂದರು ಅತ್ತೆ.

ದಿಂಬಕ್ಕ ಕೊರಿಯರ್ ಆಫೀಸಿಗೆ ಫೋನು ಮಾಡಿದಳು. ಆ ತುದಿಯಲ್ಲಿ ಜೇನಿನಂಥ ದನಿಯ ಹುಡುಗಿ.

"ತೂಕ ಎಷ್ಟು ಮೇಡಂ?"

"ಒಂಬೈನೂರು ಗ್ರಾಂ."

"ಉದ್ದ, ಅಗಲ, ಎತ್ತರ?"

"ಅರವತ್ತು, ನಲವತ್ತು, ಇಪ್ಪತ್ತು ಸೆಂಟಿಮೀಟರ್."

ಕೀಲಿಗಳು ಟಕಟಕ ಎಂದವು. "ಹತ್ತು ಕಿಲೋ ಆಯ್ತು ಮೇಡಂ."

"ಏನಮ್ಮ, ಫೋನಲ್ಲೇ ಬೆಳೀತಾ?"

"ನಾವು ಬರೀ ತೂಕ ನೋಡಲ್ಲ ಮೇಡಂ. ವಿಮಾನದಲ್ಲಿ ಎಷ್ಟು ಜಾಗ ಹಿಡಿಯುತ್ತೆ ಅಂತ ನೋಡ್ತೀವಿ."

"ಒಳಗಿರೋದು ಗಾಳಿ ಕಣಮ್ಮ!"

"ಗಾಳಿಗೂ ಜಾಗ ಬೇಕಲ್ಲ ಮೇಡಂ."

ದಿಂಬಕ್ಕ ಫೋನು ಕೆಳಗಿಟ್ಟಳು. ಫ್ಯಾಕ್ಟರಿಯಲ್ಲಿ ಅವಳ ನಿಮಿಷಗಳಿಗೆ ಕಾವಲಿತ್ತು, ಈಗ ಅವಳ ದಿಂಬಿನ ಗಾಳಿಗೂ ಬಾಡಿಗೆ ಬಂದಿತ್ತು. ಅಂಗಡಿಯ ಪುಟದಲ್ಲಿ ಅವಳು ಪ್ರಾಮಾಣಿಕವಾಗಿ ಒಂಬೈನೂರು ಗ್ರಾಂ ಎಂದು ತುಂಬಿದ್ದಳು. ಕೊಂಡವಳು ಅಷ್ಟಕ್ಕೇ ರವಾನೆಯ ಖರ್ಚು ಕಟ್ಟಿದ್ದಳು. ಮಿಕ್ಕ ಒಂಬತ್ತು ಕಿಲೋ ಗಾಳಿ ದಿಂಬಕ್ಕನ ತಲೆಯ ಮೇಲೆ.

"ಜಾಗ ತಾನೆ ಸಮಸ್ಯೆ? ಕಮ್ಮಿ ಮಾಡೋಣ. ಅಮ್ಮಾ, ನೀವು ಇದರ ಮೇಲೆ ಕೂತ್ಕೊಳ್ಳಿ," ಎಂದು ಮೇಷ್ಟ್ರು ದಿಂಬನ್ನು ಚಾಪೆಯ ಮೇಲೆ ಇಟ್ಟರು.

ಅತ್ತೆ ಕೂತರು. ದಿಂಬು ನಿಟ್ಟುಸಿರಿಟ್ಟು ಅರ್ಧ ಇಳಿಯಿತು. ಅತ್ತೆ ಎದ್ದರು, ದಿಂಬೂ ಎದ್ದಿತು.

"ಕೂತ್ರೆ ಸಾಲದು, ಭಾರ ಬಿಟ್ಟು ನೋಡ್ತೀನಿ," ಎಂದು ಅತ್ತೆ ಪಕ್ಕಕ್ಕೆ ವಾಲಿ ತಲೆಯಿಟ್ಟರು. ಭಾರ ಬಿಟ್ಟದ್ದು ನಿಜ. ಮರುಗಳಿಗೆಯಲ್ಲಿ ಅವರು ಬಾಯಿ ಅರೆ ತೆರೆದು, ಎಳೆಮಗುವಿನಷ್ಟು ಚಿಕ್ಕವರಾಗಿ ಮಲಗಿದ್ದರು.

"ಸರೀರಿ, ಇದು ನನ್ನ ಕೆಲಸ," ಎಂದು ಇಸ್ತ್ರಿ ಮಾವ ಒದ್ದೆ ಬಟ್ಟೆ ಹಾಸಿ, ಉಳಿದ ಅಂಚಿನ ಮೇಲೆ ಪೆಟ್ಟಿಗೆ ಓಡಿಸಿದ. ಬೆಚ್ಚನೆಯ ಆವಿ ಎದ್ದಿತು. ಸುಟ್ಟಿತೇನೋ ಎಂದು ಮೂಸಿ ನೋಡಲು ಬಗ್ಗಿದವನ ಕೆನ್ನೆ ದಿಂಬಿಗೆ ತಾಗಿತು. ಆ ಕೆನ್ನೆ ಮತ್ತೆ ಮೇಲೇಳಲಿಲ್ಲ. ದಿಂಬಕ್ಕ ಓಡಿಬಂದು ಅವನ ಕೈಯಿಂದ ಪೆಟ್ಟಿಗೆ ಬಿಡಿಸಿ ದೂರ ಇಟ್ಟಳು.

"ಮನುಷ್ಯರಿಗೆ ಸಂಯಮ ಇರಬೇಕಮ್ಮ. ನಾನು ಬರೀ ಅಳತೆ ನೋಡ್ತೀನಿ," ಎಂದು ಮೇಷ್ಟ್ರು ಸ್ಕೇಲು ತಂದರು. ಎತ್ತರ ಓದಬೇಕಾದರೆ ಕಣ್ಣು ದಿಂಬಿನ ಮಟ್ಟಕ್ಕೆ ಇಳಿಯಬೇಕು. "ಹದಿಮೂರು... ಹನ್ನೆರಡೂವರೆ... ಹನ್ನೆರಡು..." ದನಿ ದೂರದ ಪಾಠಶಾಲೆಯ ಮಗ್ಗಿಯಂತೆ ಸಣ್ಣದಾಗುತ್ತಾ ಹೋಯಿತು. "ಹನ್ನೊಂದು" ಬರಲೇ ಇಲ್ಲ.

ಒಂದು ದಿಂಬು, ಮೂರು ತಲೆ. ದಿಂಬಕ್ಕ ಎಳೆದಳು. ಬರಲಿಲ್ಲ. ಇನ್ನೂ ಬಗ್ಗಿ, ಖಾಲಿಯಿದ್ದ ನಾಲ್ಕನೆಯ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಹೋದಳು.

ಹೊರಗೆ ಬೀದಿ ಮೆಲ್ಲನೆ ಕರಗತೊಡಗಿತು. ಎದುರುಮನೆಯ ಗೋಡೆ ನೀಲಿಯಾಯಿತು, ಆಮೇಲೆ ನೀರಾಯಿತು. ಚಾಪೆ ತೇಲಿತು. ದಿಂಬು ಒಂದು ಬಿಳಿ ಹಡಗಾಗಿ, ನಾಲ್ಕು ತಲೆಗಳನ್ನು ಹೊತ್ತು, ಯಾವ ಅವಸರವೂ ಇಲ್ಲದೆ ಹೊರಟಿತು. ಆಕಾಶದ ತುಂಬ ಅವಳು ಹೊಲಿದ ಕಾಲರ್‌ಗಳು ರೆಕ್ಕೆ ಬಡಿಯುತ್ತಾ ಸಾಲುಸಾಲಾಗಿ ಹಾರುತ್ತಿದ್ದವು. ಹನ್ನೊಂದು ವರ್ಷದ ಕಾಲರ್‌ಗಳು, ಬಿಸಿಲೇ ಮುಚ್ಚಿಹೋಗುವಷ್ಟು. ದೇಶದೇಶದ ಗಡಿಗಳಲ್ಲಿ ಅಧಿಕಾರಿಗಳು ಎದ್ದುನಿಂತು ಅವುಗಳಿಗೆ ದಾರಿ ಬಿಡುತ್ತಿದ್ದರು. ಅವಳ ಹಡಗು ಹತ್ತಿರವಾದಾಗ ಒಬ್ಬ ಕೈ ಅಡ್ಡ ಹಿಡಿದ.

"ಇವನ್ನು ಹೊಲಿದವಳು ನಾನೇ ಸಾರ್," ಅಂದಳು.

"ಇರಬಹುದಮ್ಮ. ಅಂಗಿ ಕಳಿಸೋಕೆ ಮೂರು ಗುಂಡಿ ಇದೆ, ಹೊಲಿದವರನ್ನ ಕಳಿಸೋಕೆ ಒಂದೂ ಇಲ್ಲ," ಎಂದು ಅವನು ಪಟ್ಟಿ ನೋಡಿ, ನೊಂದುಕೊಂಡೇ ಹೇಳಿದ. ಅಲೆಗಳು ಅವಳನ್ನು ತಟ್ಟಿ ತಟ್ಟಿ ಮಲಗಿಸುತ್ತಿದ್ದವು. ಇಷ್ಟು ಹಿತವಾಗಿ ಅವಳನ್ನು ಯಾರೂ ಯಾವತ್ತೂ ತಡೆದು ನಿಲ್ಲಿಸಿರಲಿಲ್ಲ.

ಹಡಗಿನ ಸೈರನ್ನು ಕೂಗಿತು. ಅದು ಇಸ್ತ್ರಿ ಮಾವನ ಗೊರಕೆ. ದಿಂಬಕ್ಕ ಕಣ್ಣು ಬಿಟ್ಟು ಗಡಿಯಾರ ನೋಡಿದಳು: ನಾಲ್ಕೂ ಇಪ್ಪತ್ತು!

"ಅಯ್ಯೋ ನನ್ನ ಗ್ರಹಚಾರವೇ! ಏಳೀಂದ್ರೆ!"

ಮೂವರೂ ಎದ್ದು ಕೂತು, ತಾವು ಮಲಗಿಯೇ ಇರಲಿಲ್ಲವೆಂದು ಏಕಕಾಲಕ್ಕೆ ಸಾಧಿಸತೊಡಗಿದರು. ಆದರೆ ನಾಲ್ಕು ತಲೆಗಳು ಗಂಟೆಗಟ್ಟಲೆ ಒತ್ತಿದ ದಿಂಬು ಮಾತ್ರ ಬಡವನ ಹೊಟ್ಟೆಯಂತೆ ಬೆನ್ನಿಗೆ ಅಂಟಿತ್ತು. ಎಂಟೇ ಸೆಂಟಿಮೀಟರ್! ಅದು ಉಸಿರು ಎಳೆದುಕೊಳ್ಳುವ ಮುನ್ನ ದಿಂಬಕ್ಕ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಬಿಗಿದು, ಕಂಕುಳಲ್ಲಿ ಅವುಚಿಕೊಂಡು ಓಡಿದಳು. ಕೊರಿಯರ್ ಆಫೀಸು ಊರಾಚೆ. ಹತ್ತಿರವಿದ್ದದ್ದು ಅಂಚೆ ಕಚೇರಿ.

ಕೌಂಟರಿನ ಗುಮಾಸ್ತ ಐದು ಗಂಟೆಯ ಕಡೆಗೇ ಮುಖ ಮಾಡಿ ಕೂತಿದ್ದ.

"ಹೊರದೇಶಕ್ಕೆ ಸಾರ್. ಬೇಗ, ಇದು ಊದಿಕೊಳ್ಳೋಕೆ ಮುಂಚೆ!"

"ಒಳಗೇನಿದೆ? ಈ ಫಾರಂ ತುಂಬಿ."

ನಿದ್ದೆಗಣ್ಣಿನ ದಿಂಬಕ್ಕ 'ವಸ್ತುವಿನ ವಿವರ' ಎಂಬಲ್ಲಿ 'ನಿದ್ದೆ' ಎಂದು ಬರೆದಳು.

ಗುಮಾಸ್ತ ಎರಡು ಸಲ ಓದಿದ. "ನಿದ್ದೆಗೆ ಕಸ್ಟಮ್ಸ್‌ನಲ್ಲಿ ಕೋಡ್ ನಂಬರ್ ಇಲ್ಲಮ್ಮ. ಮನೆಬಳಕೆ ವಸ್ತು ಅಂತ ಹಾಕಿ."

ಅಷ್ಟರಲ್ಲಿ ಹಗ್ಗ ಫಟ್ಟೆಂದಿತು. ದಿಂಬು ಕೌಂಟರಿನ ಮೇಲೆ ಹಿಟ್ಟಿನಂತೆ ಉಬ್ಬಿ, ತಕ್ಕಡಿಯನ್ನೂ ಮೊಹರನ್ನೂ ನುಂಗಿ, ಗುಮಾಸ್ತನ ಗಲ್ಲದ ತನಕ ಬಂದು ನಿಂತಿತು. ದಿಂಬಕ್ಕ ಅಳುವುದೊಂದು ಬಾಕಿ.

"ಎಷ್ಟು ಕಿಲೋ ಆಯ್ತು ಸಾರ್, ಹತ್ತಾ?"

"ಒಂಬೈನೂರು ಗ್ರಾಂ," ಎಂದ ಗುಮಾಸ್ತ, ಗಲ್ಲ ಎತ್ತದೆಯೇ. "ಹಡಗಿನ ಅಂಚೇಲಿ ಬರೀ ತೂಕ. ಗಾಳಿ ಗೀಳಿ ನಾವು ಕೇಳಲ್ಲ."

"ಹಾಗಾದ್ರೆ ಇದನ್ನ ಒತ್ತೋದೇ ಬೇಕಿರಲಿಲ್ವಾ?"

"ಯಾರಮ್ಮ ಒತ್ತಿ ಅಂದಿದ್ದು?"

ಇಡೀ ಬೀದಿ ಅಂದಿತ್ತು. ಅದನ್ನು ಹೇಳಲು ಹೊತ್ತಿರಲಿಲ್ಲ. ರೆಪ್ಪೆ ಮುಚ್ಚುತ್ತಿದ್ದ ಗುಮಾಸ್ತನ ಗಲ್ಲದಡಿಯಿಂದ ದಿಂಬನ್ನು ಎಳೆದು, ಅವನ ಕೈಗೆ ಮೊಹರು ಹಿಡಿಸಿ ಒತ್ತಿಸಿ, ಐದಕ್ಕೆ ಎರಡು ನಿಮಿಷವಿರುವಾಗ ಅವಳು ಹಡಗಿನ ಗುಂಡಿ ಅದುಮಿದಳು. ಪರದೆ ಹಸಿರಾಯಿತು. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಅವಳು ಬಹಳ ಹೊತ್ತು ಸುಮ್ಮನೆ ನಕ್ಕಳು.

ಹಡಗು ಐವತ್ತು ದಿನ ತೆಗೆದುಕೊಂಡಿತು. ದಿಂಬು ಮುಟ್ಟಿತೆಂದು ಫೋನು ಹೇಳಿತು. ಆಮೇಲೆ ಅದು ಏನನ್ನೂ ಹೇಳಲಿಲ್ಲ. ಅವಳು ಬೀದಿಯಲ್ಲೇ ಕೇಳಿ ನೋಡಿದಳು: "ಮೇಷ್ಟ್ರೇ, ನೀವೇ ಮಲಗಿ ನೋಡಿದೀರಲ್ಲ, ಒಂದು ತಗೊಳ್ಳಿ."

"ಅಯ್ಯೋ, ನಮ್ಮ ಬೀದಿ ಹೆಣ್ಣುಮಗಳು ಹೊಲಿದಿದ್ದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನಮ್ಮ?" ಎಂದು ಮೇಷ್ಟ್ರು ಪ್ರೀತಿಯಿಂದಲೇ ಕೇಳಿದರು.

ಮೂರು ತಿಂಗಳು ತುಂಬುವ ದಿನ ಬೆಳಗ್ಗೆ ದಿಂಬಕ್ಕ ಫ್ಯಾಕ್ಟರಿ ಗೇಟಿನ ಮುಂದೆ, ಒಳಹೋಗುವ ಸಾಲಿನಲ್ಲಿ ನಿಂತಿದ್ದಾಗ ಫೋನು ಟಿಣ್ ಎಂದಿತು. ಸಮುದ್ರದಾಚೆಯ ಹೆಂಗಸು. ಅವಳ ಮಾತನ್ನು ಫೋನೇ ತನಗೆ ತೋಚಿದಂತೆ ಕನ್ನಡಕ್ಕೆ ತಿರುಗಿಸಿತ್ತು:

"ಪ್ರೀತಿಯ ದಿಂಬು ಅಕ್ಕ. ನಾನು ಇಲ್ಲಿ ಅಂಗಿ ಫ್ಯಾಕ್ಟರಿಯಲ್ಲಿ ತೋಳು ಹೊಲಿಯುವ ಹೆಂಗಸು. ನಿಮ್ಮ ದಿಂಬಿನ ಮೇಲೆ ತಲೆ ಇಟ್ಟೆ. ಎದ್ದಾಗ ಮೂರನೇ ದಿನ. ಕೆಲಸ ಹೋಗಿತ್ತು. ಕೋಪ ಇಲ್ಲ, ಅಂಥ ನಿದ್ದೆ. ಹೊಲಿಗೆ ಬಿಚ್ಚಿ ನೋಡಿ ಕಲಿತೆ. ಈಗ ನಾನೂ ದಿಂಬಿನ ಅಂಗಡಿ ತೆರೆದಿರುವೆ. ಮೊದಲ ದಿನವೇ ನಾಲ್ಕು ದಿಂಬಿಗೆ ಆರ್ಡರ್, ನಾಲ್ಕೂ ನಿಮ್ಮ ಬೀದಿಯಿಂದ! ಮಹಡಿ ಮೇಲಿನ ಮೇಷ್ಟ್ರು, ಒಂದು. ಇಸ್ತ್ರಿ ಅಂಗಡಿ, ಎರಡು. ಇನ್ನೊಂದು ನಿಮ್ಮದೇ ಮನೆಗೆ. ಹಿರಿಯ ಹೆಂಗಸು, 'ಹೊರದೇಶದ ಮಾಲು, ಬಾಳಿಕೆ ಬರುತ್ತೆ' ಎಂದು ಬರೆಸಿದ್ದಾರೆ. ಅಕ್ಕ, ಇಲ್ಲಿ ಮೂರು ಗುಂಡಿ ಇವೆ. ಯಾವುದು ಒತ್ತಲಿ?"

"ಫೋನ್ ಒಳಗಿಡಮ್ಮ, ಏಳೂ ಐವತ್ತೆಂಟು!" ಗೇಟಿನಿಂದ ಸೂಪರ್‌ವೈಸರ್ ಕೂಗಿದ.

ದಿಂಬಕ್ಕ ಬೆರಳಾಡಿಸಿ ಬರೆದಳು: "ಹಡಗಿಗೆ ಹಾಕು ತಂಗಿ. ಅವಸರ ಏನಿಲ್ಲ. ಇವರೆಲ್ಲ ದಿಂಬಿಲ್ಲದೆಯೇ ಮಲಗಿರೋ ಜನ."

ಕಳಿಸಿ, ಆಕಳಿಸಿ, ಒಳಗೆ ಹೋದಳು.