ಅರ್ಧ ಪಿಟೀಲು, ಅರ್ಧ ವೈರು

"ಏನು ಓದ್ತಿದೀಯಮ್ಮ?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೂತುಕೊಳ್ಳೋಕೆ ಒಂದು ಜಾಗ ನೋಡುತ್ತೇನೆ. ನಿಂತುಕೊಂಡೇ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಒಂಬತ್ತನೇ ವಯಸ್ಸಿನಿಂದ ಪಿಟೀಲು ಕಲಿತವಳು ನಾನು. ಪಿಯುಸಿಗೆ ಬಂದಾಗ ಫಿಸಿಕ್ಸ್ ಹಿಡಿಸಿಬಿಟ್ಟಿತು. ಎರಡರಲ್ಲಿ ಒಂದನ್ನೂ ಬಿಡೋಕೆ ಮನಸ್ಸಾಗದೆ, ಎರಡೂ ಸೇರಿದ ಮ್ಯೂಸಿಕ್ ಟೆಕ್ನಾಲಜಿ ಅನ್ನೋ ಕೋರ್ಸಿಗೆ ಸೇರಿಕೊಂಡೆ. ಕಾಲೇಜು ಚಿಕ್ಕಬಳ್ಳಾಪುರದ ಆಚೆ. ಮನೆ ಚಿಂತಾಮಣಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಹೀಗೆ ನಾಲ್ಕು ವರ್ಷ. ಕೆಳಗೆ ಬರೆದಿರುವ ಯಾವುದನ್ನೂ ನಾನು ಹುಡುಕಿಕೊಂಡು ಹೋಗಲಿಲ್ಲ. ಸುಮ್ಮನೆ ಬಸ್ಸು ಹತ್ತಿ ಇಳಿಯುತ್ತಿದ್ದೆ, ಅವೇ ಬಂದು ಬಂದು ನನ್ನ ಮೇಲೆ ಬಿದ್ದವು.

ಮಿಕ್ಸಿಂಗ್

ಎರಡನೇ ವರ್ಷದಲ್ಲಿ ನಮಗೆ ಮಿಕ್ಸಿಂಗ್ ಅಂತ ಒಂದು ಪೇಪರ್ ಇತ್ತು. ಅದನ್ನು ಫೋನಿನಲ್ಲಿ ಸೋದರತ್ತೆಗೆ ಹೇಳಿದ್ದು ನನ್ನದೇ ತಪ್ಪು. ಅವರೂ ಚಿಂತಾಮಣಿಯಲ್ಲೇ ಇರೋದು, ನಾಲ್ಕು ಬೀದಿ ಆಚೆ. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಅತ್ತೆ ನಿಂತಿದ್ದಾರೆ. ಕೈಯಲ್ಲಿ ತರಕಾರಿ ಚೀಲ, ಚೀಲದೊಳಗೆ ಅವರ ಮನೆ ಮಿಕ್ಸಿ.

"ಅತ್ತೆ, ನಾನು ಕಲಿಯೋ ಮಿಕ್ಸಿಂಗ್ ಇದಲ್ಲ," ಅಂದೆ. "ಪಿಟೀಲು, ಮೃದಂಗ, ಹಾಡು, ಎಲ್ಲ ಬೇರೆ ಬೇರೆ ರೆಕಾರ್ಡ್ ಮಾಡಿರ್ತಾರೆ. ಯಾವುದು ಎಷ್ಟು ಕೇಳಬೇಕು ಅಂತ ನೋಡಿ ಸೌಂಡ್ ಹದ ಮಾಡೋದು."

"ಅದೇ ಕಣಮ್ಮ ನಾನೂ ಹೇಳ್ತಿರೋದು. ಇದರ ಸೌಂಡೇ ಸರಿಯಿಲ್ಲ."

ವಾದ ಮಾಡೋ ಶಕ್ತಿ ಇರಲಿಲ್ಲ. ಹಿಂದಿನ ದಿನ ತಾನೇ ಮೂರು ಲ್ಯಾಬ್ ರಿಪೋರ್ಟ್ ಬರೆದಿದ್ದೆ. ಸ್ಕ್ರೂಡ್ರೈವರ್ ತಂದು ಬಿಚ್ಚಿದೆ. ಒಳಗೆ ಕಾರ್ಬನ್ ಬ್ರಷ್ ಸವೆದುಹೋಗಿತ್ತು. ಅಂಗಡಿಯಿಂದ ಹೊಸದು ತರಿಸಿ ಹಾಕಿದೆ. ಮಿಕ್ಸಿ ಓಡಿತು. ಅತ್ತೆಗೆ ಎಷ್ಟು ಖುಷಿಯಾಯಿತು ಅಂದರೆ, ಹೋಗ್ತಾ ಹೋಗ್ತಾ ಬೀದಿಯವರಿಗೆಲ್ಲ ಹೇಳಿಕೊಂಡೇ ಹೋದರು.

ಮುಂದಿನ ಭಾನುವಾರ ಎದುರು ಮನೆಯಾಕೆ ಬಂದರು. ಹಿಂದೆ ಅವರ ಯಜಮಾನರು ವೆಟ್ ಗ್ರೈಂಡರ್ ಹೊತ್ತುಕೊಂಡು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದರು. ಆಕೆ ಬಹಳ ಮರ್ಯಾದೆಯಿಂದ ಕೇಳಿದರು:

"ರುಬ್ಬೋದು ಯಾವ ಸೆಮಿಸ್ಟರ್‌ಗೆ ಬರುತ್ತಮ್ಮ?"

ಪ್ರಾರ್ಥನೆ

ನಮ್ಮ ಕಾಲೇಜಿನಲ್ಲಿ ಸಂಗೀತದ ಕಟ್ಟಡ ಒಂದು ಕಡೆ, ಇಂಜಿನಿಯರಿಂಗ್ ಕಟ್ಟಡ ಇನ್ನೊಂದು ಕಡೆ. ಮಧ್ಯೆ ಹತ್ತು ನಿಮಿಷದ ಬಿಸಿಲು. ದಿನಕ್ಕೆ ನಾಲ್ಕು ಸಲ ಆ ಬಿಸಿಲು ದಾಟಬೇಕಾದವರು ನಮ್ಮ ಕೋರ್ಸಿನವರು ಮಾತ್ರ.

ಸಂಗೀತದ ಕಡೆ ಕಾಲಿಟ್ಟರೆ, "ನೀನು ಇಂಜಿನಿಯರಿಂಗ್‌ನವಳಲ್ವೇನಮ್ಮ? ಆ ಫ್ಯಾನ್ ಯಾಕೋ ತಿರುಗ್ತಿಲ್ಲ, ನೋಡು" ಅನ್ನೋರು. ಇಂಜಿನಿಯರಿಂಗ್ ಕಡೆ ಹೋದರೆ, "ನೀವು ಸಂಗೀತದವರಲ್ವಾ? ನಾಳೆ ಸೆಮಿನಾರ್‌ಗೆ ಪ್ರಾರ್ಥನೆ ನಿಮ್ಮದೇ" ಅನ್ನೋರು. ನಾನು ಪಿಟೀಲಿನವಳು, ಹಾಡೋದು ಅಷ್ಟಕ್ಕಷ್ಟೆ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೆಮಿನಾರ್‌ಗೆ ಹಾಡಿದೆ, ರಕ್ತದಾನ ಶಿಬಿರಕ್ಕೆ ಹಾಡಿದೆ, ಕ್ಯಾಂಟೀನಿಗೆ ಹೊಸ ನೀರಿನ ಫಿಲ್ಟರ್ ಬಂದಾಗಲೂ ಹಾಡಿದೆ.

ಮೂರನೇ ವರ್ಷದ ಲ್ಯಾಬ್ ಪರೀಕ್ಷೆಗೆ ಒಂದು ಆಂಪ್ಲಿಫೈಯರ್ ಸರ್ಕ್ಯೂಟ್ ಕಟ್ಟಬೇಕಿತ್ತು. ಎರಡು ಗಂಟೆ ಕಟ್ಟಿದೆ. ಬಿಚ್ಚಿದೆ. ಮತ್ತೆ ಕಟ್ಟಿದೆ. ಸ್ಪೀಕರ್ ಉಸಿರೆತ್ತಲಿಲ್ಲ. ಲ್ಯಾಬಿನ ಸರ್ ಬಂದು ಒಂದೊಂದು ವೈರೂ ಮುಟ್ಟಿ ನೋಡಿದರು. ಎಲ್ಲ ಸರಿಯಾಗೇ ಇತ್ತು. ಕನ್ನಡಕ ತೆಗೆದು ಒರೆಸಿಕೊಂಡರು.

"ನನಗೂ ಗೊತ್ತಾಗ್ತಿಲ್ಲ. ಒಂದು ಪ್ರಾರ್ಥನೆ ಹಾಡಿ ನೋಡಮ್ಮ."

ಹಾಡಿದೆ. ಸುತ್ತ ಇದ್ದ ಹುಡುಗರೆಲ್ಲ ಎದ್ದು ನಿಂತುಕೊಂಡರು. ಸರ್ಕ್ಯೂಟ್ ಮಾತ್ರ ಏಳಲಿಲ್ಲ.

ಮೊಲ

"ನಿಮ್ಮ ಊರಿನ ಒಂದು ಶಬ್ದ ರೆಕಾರ್ಡ್ ಮಾಡಿಕೊಂಡು ಬನ್ನಿ" ಅಂತ ಒಂದು ಸಲ ಅಸೈನ್‌ಮೆಂಟ್ ಕೊಟ್ಟರು. ಶಿಡ್ಲಘಟ್ಟದ ಹತ್ತಿರ ದೊಡ್ಡಮ್ಮನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಕೊನೆಯ ಪೊರೆ ಬಿಟ್ಟ ಹುಳಗಳು ಸೊಪ್ಪು ತಿನ್ನೋಕೆ ಶುರು ಮಾಡಿದರೆ, ಇಡೀ ಹುಳದ ಮನೆ ಸೋ ಅಂತ ಸದ್ದು ಮಾಡುತ್ತೆ. ಅದನ್ನೇ ಹಿಡಿಯೋಣ ಅಂತ ಕಾಲೇಜಿನ ಮೈಕು ಇಸ್ಕೊಂಡು ಬಸ್ಸು ಹತ್ತಿದೆ. ಗಾಳಿ ಹೊಡೆತ ತಡೆಯೋಕೆ ಆ ಮೈಕಿಗೆ ಬೂದು ಬಣ್ಣದ ಉದ್ದ ಕೂದಲಿನ ಒಂದು ಗವಸು ಹಾಕಿರ್ತಾರೆ. ಬ್ಯಾಗಿನಲ್ಲಿ ಹಿಡಿಸದೆ ಅದು ಅರ್ಧ ಹೊರಗೆ ಇಣುಕುತ್ತಿತ್ತು.

ಕಂಡಕ್ಟರ್ ಬಂದರು. "ನಿಮ್ಮದೊಂದು. ಮೊಲದ್ದು ಅರ್ಧ."

"ಇದು ಮೊಲ ಅಲ್ಲ ಸರ್, ಮೈಕು."

"ಮೈಕಿಗೆ ಕೂದಲು ಯಾಕಮ್ಮ?"

"ಗಾಳಿ ಆಗಲ್ಲ ಇದಕ್ಕೆ."

ಪಕ್ಕದ ಸೀಟಿನ ಅಜ್ಜಿ ಅದರ ಬೆನ್ನು ಸವರಿದರು. "ಪಾಪಮು, ನಿದ್ರ ಪೋತಾ ಉಂದಿ," ಅಂತ ತೆಲುಗಿನಲ್ಲಿ ಮರುಗಿ, ನಿದ್ದೆ ಮಾಡ್ತಿರೋ ಮೊಲಕ್ಕೆ ಗಾಳಿ ತಾಗದಿರಲಿ ಅಂತ ಕಿಟಕಿ ಮುಚ್ಚಿಸಿದರು.

ದೊಡ್ಡಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಹುಳದ ಮನೆಗೆ ಹೋಗೋರು ಕೈಕಾಲು ತೊಳೀಬೇಕು, ಪೌಡರ್ ಹಚ್ಚಿರಬಾರದು, ಜೋರಾಗಿ ಮಾತಾಡಬಾರದು. ನನಗೆ ಎಲ್ಲ ಮಾಡಿಸಿದರು. ಮೈಕು ನೋಡಿ, "ಈ ಪ್ರಾಣಿ ಒಳಕ್ಕೆ ಬರಂಗಿಲ್ಲ. ಹುಳಕ್ಕೆ ರೋಗ ಬಂದ್ರೆ ಯಾರು ನೋಡೋರು?" ಅಂದರು. ಹುಳ ಅಂದರೆ ಆ ಮನೆಯ ವರ್ಷದ ಊಟ, ಅವರ ಮಾತು ತಪ್ಪಲ್ಲ. ಕೊನೆಗೆ ಗವಸು ಬಿಚ್ಚಿ ಹೊರಗೆ ಹಗ್ಗದ ಮೇಲೆ ಹಾಕಿ, ಉಸಿರು ಹಿಡಿದುಕೊಂಡು ಒಂದು ಗಂಟೆ ಹುಳದ ತಟ್ಟೆಗಳ ಮಧ್ಯೆ ನಿಂತು ರೆಕಾರ್ಡ್ ಮಾಡಿದೆ. ಕಾಲು ಜೋಮು ಹಿಡಿಯಿತು. ಆದರೆ ಶಬ್ದ ಮಾತ್ರ ಅಷ್ಟು ಚೆನ್ನಾಗಿ ಬಂದಿತ್ತು.

ಸೋಮವಾರ ಕ್ಲಾಸಿನಲ್ಲಿ ಕೇಳಿಸಿದೆ. ಸರ್ ಬೇಜಾರಾಗಿ, "ಮಳೆ" ಅಂತ ಬರೆದುಕೊಂಡರು. "ಎಲ್ಲರೂ ಮಳೇನೇ ತಂದ್ರೆ ಹೆಂಗಮ್ಮ?"

"ಮಳೆ ಅಲ್ಲ ಸರ್, ರೇಷ್ಮೆ ಹುಳ ಸೊಪ್ಪು ತಿನ್ನೋದು."

ಸರ್ ಮತ್ತೆ ಹೆಡ್‌ಫೋನ್ ಹಾಕಿಕೊಂಡರು. ಕಣ್ಣು ಮುಚ್ಚಿ ಪೂರ್ತಿ ಎರಡು ನಿಮಿಷ ಕೇಳಿದರು. ಬರೆದದ್ದನ್ನು ಹೊಡೆದುಹಾಕಿ ತಿದ್ದಿದರು: "ತುಂತುರು ಮಳೆ."

ಒದೆ

ಗೌರಿಬಿದನೂರಿನ ಹತ್ತಿರ, ನಗರಗೆರೆಯಲ್ಲಿ, ಅಮ್ಮನ ಕಡೆಯವರ ಮದುವೆ. ನಾನು ಆ ದಿನ ಊಟ ಮಾಡಿ ಒಂದು ಮೂಲೆಯಲ್ಲಿ ನಿದ್ದೆ ಮಾಡಬೇಕು ಅಂತಲೇ ಹೋದವಳು. ಆರತಕ್ಷತೆಯಲ್ಲಿ ಸ್ಪೀಕರ್ ಕುಂಯ್ ಅಂತ ಕೂಗೋಕೆ ಶುರುವಾಯಿತು. ಗಂಡಿನ ಅಪ್ಪ ನಾಲ್ಕು ಮಾತಾಡೋಕೆ ಮೈಕು ಹಿಡಿದಾಗಲೆಲ್ಲ ಕುಂಯ್. ಮಾವ ಜನರ ಮಧ್ಯೆ ನನ್ನ ಕಡೆ ಬೊಟ್ಟು ಮಾಡಿ, "ನಮ್ಮ ಹುಡುಗಿ ಇದನ್ನೇ ಓದ್ತಿರೋದು!" ಅಂತ ಕೂಗಿದರು.

ಎದ್ದು ಹೋದೆ. ಮೈಕ್ ಸೆಟ್ಟಿನ ಯಜಮಾನರು ಅರವತ್ತು ದಾಟಿದವರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೋಂಡ ತಿನ್ನುತ್ತಿದ್ದರು. ಜಾಗ ಬಿಟ್ಟುಕೊಟ್ಟರು. ನಾನು ಫೋನಿನಲ್ಲಿ ಫ್ರೀಕ್ವೆನ್ಸಿ ನೋಡಿದೆ, ಮಿಕ್ಸರ್‌ನಲ್ಲಿ ಒಂದು ಗುಂಡಿ ತಿರುಗಿಸಿದೆ, ಇನ್ನೊಂದು ತಿರುಗಿಸಿದೆ. ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಕ್ಕೆ ಹೋಗುತ್ತಿರೋದರಿಂದ ಹೀಗಾಗುತ್ತೆ ಅಂತ ಮಾವನಿಗೆ ವಿವರಿಸಿದೆ. ಕಾಲು ಗಂಟೆ ಆಯಿತು. ಕುಂಯ್ ಇನ್ನಷ್ಟು ಏರಿತು. ಮದುವೆ ಹೆಣ್ಣು ಕಿವಿ ಮುಚ್ಚಿಕೊಂಡಳು.

ಯಜಮಾನರು ಬೋಂಡ ಮುಗಿಸಿ, ಕೈ ಒರೆಸಿಕೊಂಡು ಎದ್ದರು. ಸ್ಪೀಕರ್ ಹತ್ತಿರ ಹೋಗಿ ಬಲಗಾಲಿನಲ್ಲಿ ಒಂದು ಒದ್ದರು. ಅದು ಗೋಡೆ ಕಡೆ ತಿರುಗಿಕೊಂಡಿತು. ಕುಂಯ್ ನಿಂತುಹೋಯಿತು. ಬಂದು ಕುರ್ಚಿಯಲ್ಲಿ ಕೂತು, ಒಂದು ಚೂರೂ ವ್ಯಂಗ್ಯ ಇಲ್ಲದೆ ಕೇಳಿದರು:

"ಎಷ್ಟು ವರ್ಷದ ಕೋರ್ಸಮ್ಮ?"

"ನಾಲ್ಕು."

"ಒದೆಯೋದು ಕೊನೇ ವರ್ಷಕ್ಕೆ ಇಟ್ಟಿರ್ತಾರೆ ಬಿಡು."

ರಿಷಭ

ಕೊನೆಯ ವರ್ಷದ ಪ್ರಾಜೆಕ್ಟ್. ಹಾಡುವವರ ಸ್ವರ ಶ್ರುತಿಗೆ ಸೇರಿದೆಯೋ ಇಲ್ಲವೋ ಅಂತ ಹೇಳುವ ಒಂದು ಪ್ರೋಗ್ರಾಂ ನಾನು ಬರೆದಿದ್ದೆ. ಸೇರಿದರೆ ಪರದೆ ಹಸಿರಾಗಿ ಸ್ವರದ ಹೆಸರು ಬರುತ್ತೆ. ತಪ್ಪಿದರೆ ಕೆಂಪು. ಎಂಟು ತಿಂಗಳ ಕೆಲಸ, ಎರಡು ಸಲ ಇಡೀ ಪ್ರೋಗ್ರಾಂ ಅಳಿಸಿ ಮತ್ತೆ ಬರೆದಿದ್ದೆ. ಇದರಲ್ಲಿ ಫೇಲಾದರೆ ಇನ್ನೊಂದು ವರ್ಷ ಅದೇ ಬಸ್ಸು. ಅದೊಂದು ನೆನೆಸಿಕೊಂಡರೇ ಬೆನ್ನು ನೋಯುತ್ತಿತ್ತು.

ಪರೀಕ್ಷೆಗೆ ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದಿದ್ದರು. ಅವರ ಪಕ್ಕದಲ್ಲಿ ನಮ್ಮ ಸಂಗೀತದ ಗುರುಗಳು. ದೊಡ್ಡ ವಿದ್ವಾಂಸರು, ಹೆಗಲ ಮೇಲೆ ಜರಿ ಶಾಲು. ನಾನು ಪಿಟೀಲು ತೆಗೆದುಕೊಂಡು ತೋರಿಸೋಕೆ ಹೊರಟರೆ ಗುರುಗಳು ಕೈಯೆತ್ತಿ ತಡೆದರು.

"ನೀನು ಬಿಡಮ್ಮ. ಪಾಪ, ಆ ಯಂತ್ರಕ್ಕೂ ಒಂದಿಷ್ಟು ಒಳ್ಳೆ ಸಂಗೀತ ಕೇಳಿಸಣ."

"ನಿಮಗ್ಯಾಕೆ ತೊಂದರೆ ಗುರುಗಳೇ..." ಅನ್ನುವಷ್ಟರಲ್ಲಿ ಕಣ್ಣು ಮುಚ್ಚಿ ಶುರು ಮಾಡಿಬಿಟ್ಟರು. ಷಡ್ಜ ಹಾಡಿದರು, ಹಸಿರು. ಮೇಲೆ ರಿಷಭ ಹಾಡಿದರು, ಕೆಂಪು. ಮತ್ತೆ ರಿಷಭಕ್ಕೆ ಬಂದು ಅಲ್ಲೇ ದೀರ್ಘವಾಗಿ ನಿಂತರು. ಪರದೆಯೂ ದೀರ್ಘವಾಗಿ ಕೆಂಪಾಗೇ ಇತ್ತು. ಎಲ್ಲರೂ ಪರದೆ ನೋಡುತ್ತಿದ್ದರು, ಗುರುಗಳೊಬ್ಬರನ್ನು ಬಿಟ್ಟು.

ಕಣ್ಣು ಬಿಟ್ಟರು. ಅವರೂ ನೋಡಿದರು.

"ಏನಮ್ಮ ಇದು?"

"ಗುರುಗಳೇ, ಲ್ಯಾಪ್‌ಟಾಪ್ ಸ್ವಲ್ಪ ಬಿಸಿ ಆಗಿದೆ ಅನ್ಸುತ್ತೆ."

"ಬಿಸಿ ಅಲ್ಲ. ಯಂತ್ರಕ್ಕೆ ಸ್ವರಜ್ಞಾನ ಇಲ್ಲ," ಅಂದರು. ಪರೀಕ್ಷಕರ ಕಡೆ ತಿರುಗಿ, "ಹಂಗಂತಲೇ ಬರ್ಕೊಳ್ಳಿ."

ಪರೀಕ್ಷಕರು ಬರೆದುಕೊಂಡರು. ನಾನು ಮನಸ್ಸಿನಲ್ಲೇ ಮುಂದಿನ ವರ್ಷದ ಬಸ್ ಪಾಸಿಗೆ ಫೋಟೊ ತೆಗೆಸಿಕೊಂಡೆ.

ಮೈಕು ಇನ್ನೂ ಆನ್ ಇತ್ತು, ಪಕ್ಕದಲ್ಲೇ ತೆರೆದ ಕಿಟಕಿ. ಕಾಂಪೌಂಡಿನ ಆಚೆ ಹೊಲದಲ್ಲಿ ಯಾರೋ ಎತ್ತು ಕಟ್ಟಿದ್ದರು. ಅದು ಇದ್ದಕ್ಕಿದ್ದಂತೆ ಕತ್ತು ಚಾಚಿ ಕೂಗಿತು. ಪರದೆ ಅಚ್ಚ ಹಸಿರಾಯಿತು. ಮೇಲೆ ಅಕ್ಷರ ಮೂಡಿತು: ರಿಷಭ.

ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆದರೆ ಗುರುಗಳು ಧಡಕ್ಕನೆ ಎದ್ದು ನಿಂತರು. ಮುಖ ಅರಳಿಹೋಗಿತ್ತು.

"ನೋಡಿದ್ರಾ! ನವಿಲು ಕೂಗೋದು ಷಡ್ಜ, ಎತ್ತು ಕೂಗೋದು ರಿಷಭ ಅಂತ ಶಾಸ್ತ್ರದಲ್ಲಿ ಹೇಳಿದಾರೆ! ಇಷ್ಟು ವರ್ಷ ಪಾಠ ಮಾಡಿದೀನಿ, ಒಬ್ಬ ಹುಡುಗನೂ ನಂಬಿರಲಿಲ್ಲ!"

ಎತ್ತು ಇನ್ನೊಂದು ಸಲ ಕೂಗಿತು. ಮತ್ತೆ ಹಸಿರು, ಮತ್ತೆ ರಿಷಭ. ಗುರುಗಳು ಕಿಟಕಿ ಕಡೆ ತಿರುಗಿ "ಭೇಷ್!" ಅಂದರು.

"ಈ ಯಂತ್ರ ನೂರಕ್ಕೆ ನೂರು ಸರಿ ಇದೆ. ಬರ್ಕೊಳ್ಳಿ ಸ್ವಾಮಿ. ಈ ಹುಡುಗೀನ ಪಾಸು ಮಾಡಿ!"

ಪರೀಕ್ಷಕರು ಮೊದಲು ಬರೆದ ಸಾಲು ಹೊಡೆದುಹಾಕಿದರು. ನನ್ನ ಹೆಸರಿನ ಮುಂದೆ ಅಂಕ ಹಾಕಿದರು, ಸಹಿ ಮಾಡಿದರು. ಆಮೇಲೆ ಪೆನ್ನಿನ ಕ್ಯಾಪು ಮುಚ್ಚದೆ ನಿಧಾನವಾಗಿ ತಲೆಯೆತ್ತಿದರು.

"ಒಂದು ಸಣ್ಣ ಅನುಮಾನ ಗುರುಗಳೇ. ಯಂತ್ರ ಸರಿ ಇದೆ ಅಂತಾದ್ರೆ, ಆಗಲೇ ನಿಮ್ಮ ರಿಷಭಕ್ಕೆ ಕೆಂಪು ಬಂತಲ್ಲ..."

ಗುರುಗಳು ಶಾಲು ಸರಿಮಾಡಿಕೊಂಡರು. ಕಿಟಕಿಯಾಚೆ ನಿಂತಿದ್ದ ಎತ್ತನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು.

"ಅದಕ್ಕೆ ನೆಗಡಿ ಆಗಿಲ್ಲ ಸ್ವಾಮಿ, ನನಗಾಗಿದೆ."