ಕೊಳವೆಯಲ್ಲಿ ಉಗುಳಿ ಬಳಗ ಹುಡುಕಿದ್ದು

ಮಾನ ಹೋಗುವುದು ನನಗೆ ಹೊಸದೇನಲ್ಲ. ಬಳ್ಳಾರಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ, ವಾರಕ್ಕೊಮ್ಮೆಯಾದರೂ ಹೋಗುತ್ತದೆ. ಆದರೆ ಹೋದ ವರ್ಷ ಹೋದಷ್ಟು ಎಂದೂ ಹೋಗಿರಲಿಲ್ಲ.

ನಾನು ಸಾಕುಮಗಳು. ಹೆತ್ತವಳು ದವಾಖಾನೆಯಲ್ಲಿ ಬಿಟ್ಟುಹೋದ ಕೂಸನ್ನು ಅವ್ವ ಕಾಗದಪತ್ರ ಮಾಡಿಸಿ, ಸೆರಗಿನಲ್ಲಿ ಸುತ್ತಿಕೊಂಡು ತಂದಳಂತೆ. ಅವ್ವ ಇದನ್ನೆಂದೂ ಮುಚ್ಚಿಟ್ಟವಳಲ್ಲ. ಮುಚ್ಚಿಟ್ಟವಳು ನಾನು. ನಲವತ್ತಾರನೇ ವಯಸ್ಸಿನಲ್ಲಿ ಹೆತ್ತವರ ಬಳಗ ಹುಡುಕುವ ಆಸೆಯಾಗಿ ಡಿಎನ್‌ಎ ಪರೀಕ್ಷೆಯ ಡಬ್ಬಿ ತರಿಸಿದೆ. ನಮ್ಮ ಜೊತೆಗೇ ಇರುವ ಅವ್ವನಿಗೆ ಮಾತ್ರ ಹೇಳಲಿಲ್ಲ. ಬೇಡ ಅನ್ನುತ್ತಾಳೆಂದಲ್ಲ. "ನಾ ಏನ್ ಕಡಿಮಿ ಮಾಡಿದ್ನವಾ?" ಎಂದು ಕೇಳಿಬಿಟ್ಟರೆ ಯಾವ ಮುಖ ಇಟ್ಟುಕೊಂಡು ಉತ್ತರ ಹೇಳಲಿ?

ಬಚ್ಚಲುಮನೆಯಲ್ಲಿ

ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ, ಕೊಳವೆಯ ಗೆರೆಯವರೆಗೆ ಉಗುಳು ತುಂಬಬೇಕು. ಕಳ್ಳತನದ ಕೆಲಸವಲ್ಲವೇ, ಬಾಯಿ ಒಣಗಿಹೋಗಿತ್ತು. ಬಚ್ಚಲಲ್ಲಿ ಚಿಲಕ ಹಾಕಿಕೊಂಡು, ಕಣ್ಣು ಮುಚ್ಚಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ನೆನೆಸಿಕೊಂಡು, ಕ್ಯಾಕರಿಸಿ ಕ್ಯಾಕರಿಸಿ ಉಗುಳಿದೆ.

ಹೊರಗಿನಿಂದ ಅವ್ವ ಕೂಗಿದಳು: "ಏನಾತವಾ? ವಾಂತಿ ಏನು?"

"ಹ್ಞೂಂ ಅವ್ವಾ, ಪಿತ್ತ."

ಅವ್ವ ಚಿಂತೆಯಿಂದ ಪಕ್ಕದ ಮನೆಯವರ ಮುಂದೆ ಹೇಳಿಕೊಂಡಿದ್ದಾಳೆ. ಸಂಜೆ ಆ ಮನೆಯವರು ಒಂದು ಬಟ್ಟಲು ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಂದು ನನ್ನ ಕೈಗಿಟ್ಟು, ನನ್ನವರ ಕಡೆ ತಿರುಗಿ ಅಂದರು: "ಈ ವಯಸ್ಸಿನ್ಯಾಗ ನಿಮ್ದು ಭಾಳ ಧೈರ್ಯ ಬಿಡ್ರಿ, ಸರ!"

ನನ್ನವರು ಒಂದು ವಾರ ಹಿತ್ತಲ ಬಾಗಿಲಿನಿಂದ ಓಡಾಡಿದರು.

ಮನೆದೇವರು

ಫಲಿತಾಂಶದಲ್ಲಿ ನನ್ನ ಉಗುಳಿಗೆ ಕೂಡುವವರು ಒಬ್ಬರು ಸಿಕ್ಕರು. ಸಿರುಗುಪ್ಪದಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ತಮಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೋ ಇಲ್ಲವೋ ನೋಡಲು ಅವರೂ ಉಗುಳಿದ್ದರಂತೆ. ನಾವಿಬ್ಬರೂ ಒಡಹುಟ್ಟಿದವರ ಮಕ್ಕಳಿರಬಹುದು ಎಂದಿತ್ತು ವರದಿ.

ಫೋನ್ ಮಾಡಿ ವರದಿ ಓದಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಅದೆಲ್ಲಾ ಇರ್ಲಿ ಮೇಡಂ, ನಿಮ್ಮ ಮನಿದೇವರು ಯಾವುದು?" ಅಂದರು.

ಬಾಯಿಗೆ ಬಂದದ್ದು ಅವ್ವನ ಮನೆಯ ದೇವರೇ. "ಮೈಲಾರಲಿಂಗ" ಅಂದುಬಿಟ್ಟೆ.

"ನಮ್ದು ವೀರಭದ್ರ. ದೇವರ ಕೂಡಲಿಲ್ಲ ಅಂದಮ್ಯಾಲೆ ಉಗುಳು ಕೂಡಿ ಏನ್ ಮಾಡೂದೈತ್ರಿ?"

ಫೋನ್ ಇಟ್ಟೇಬಿಟ್ಟರು.

ಸಿರುಗುಪ್ಪದ ಉಪ್ಪಿಟ್ಟು

ಅವ್ವನಿಗೆ 'ತರಬೇತಿ' ಎಂದು ಸುಳ್ಳು ಹೇಳಿ ಸಿರುಗುಪ್ಪದ ಬಸ್ ಹತ್ತಿದೆ. ಗೊಬ್ಬರದ ಅಂಗಡಿಯವರ ಮನೆಗೆ ಬರಿಗೈಲಿ ಹೋಗಬಾರದೆಂದು ಹೂ, ಹಣ್ಣು ಒಯ್ದಿದ್ದೆ. ಫೋನ್ ಮಾಡಿದವಳು ನಾನೇ ಎಂದು ಹೇಳಲು ಧೈರ್ಯ ಬರಲಿಲ್ಲ. ಕುಳಿತವಳೇ ಕೇಳತೊಡಗಿದೆ: ನಿಮ್ಮ ತಾಯಿಯವರು ಎಷ್ಟು ಮಂದಿ ಅಕ್ಕತಂಗಿಯರು, ಯಾರನ್ನು ಯಾವ ಊರಿಗೆ ಕೊಟ್ಟಿದ್ದೀರಿ?

ನಮ್ಮ ಕಡೆ ಹೂ ಹಣ್ಣು ತಂದು ಹೀಗೆ ಕೇಳುವವರು ಹೆಣ್ಣು ನೋಡಲು ಬಂದವರೇ. ಅದು ನನಗೆ ಹೊಳೆದದ್ದು ಅವರ ಮಗಳು ಸೀರೆ ಉಟ್ಟು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಾಗ. ನನ್ನ ಕಾಲಿಗೆ ನಮಸ್ಕಾರ ಮಾಡಿ, ಮೆಲ್ಲಗೆ ಕೇಳಿದಳು: "ಹುಡುಗ ಏನ್ ಮಾಡ್ತಾರ್ರಿ?"

"ಹುಡುಗ ಇಲ್ಲಮ್ಮ" ಅಂದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲವನ್ನೂ ಹೇಳಿದೆ.

ಯಜಮಾನರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. "ಮೂಗು ನಮ್ಮ ಸಣ್ಣವ್ವಂದ ಐತಿ. ಆಕಿ ತೀರಿಕೊಂಡು ನಾಕು ವರ್ಷಾತ್ರಿ. ನಮ್ಮವ್ವ ಕುರುಗೋಡಿನ್ಯಾಗ ನಮ್ಮಣ್ಣನ ಮನ್ಯಾಗ ಅದಾಳ, ಆಕಿಗೆ ಎಲ್ಲಾ ಗೊತ್ತಿರತೈತಿ" ಅಂದರು.

ಹೆತ್ತವಳನ್ನು ನೋಡಲು ನಾಲ್ಕು ವರ್ಷ ತಡವಾಗಿ ಬಂದಿದ್ದೆ. ಉಪ್ಪಿಟ್ಟನ್ನು ಹಾಗೇ ಕೆಳಗಿಟ್ಟೆ. ಅವರ ಹೆಂಡತಿ ನನ್ನ ತಟ್ಟೆ ನೋಡಿ ನಿಟ್ಟುಸಿರು ಬಿಟ್ಟರು: "ಬೀಗರು ಅಂತ ತುಪ್ಪ ಸುರುವೀನಿ. ಮನಿಮಂದಿ ಅಂತ ಮೊದಲ ಹೇಳಿದ್ರ ಎಣ್ಣ್ಯಾಗ ಮಾಡ್ತಿದ್ದೆ."

ಕುರುಗೋಡಿನ ಪರೀಕ್ಷೆ

ಕುರುಗೋಡಿಗೆ ಹೋಗುವಾಗ ಅವ್ವನಿಗೆ ಹೇಳಿದ ಸುಳ್ಳು 'ಪರೀಕ್ಷೆ ಕೆಲಸ'.

ಹೆತ್ತವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. "ಮದಿವಿ ಆಗಲಾರದ ಹುಡುಗಿ. ದವಾಖಾನ್ಯಾಗ ನಿನ್ನ ಬಿಟ್ಟು ಬರೂಮುಂದ ಆಕಿ ಜೋಡಿ ನಾನ ಇದ್ದೆ. ನಿನಗ ಮಾರಿ ತೋರಸಾಕ ನಾಚಿಕಿ ಆಗತೈತವಾ" ಅಂದಳು. ಅವ್ವನಿಗೆ ಸುಳ್ಳು ಹೇಳಿ ಬಂದ ನನಗೂ ನಾಚಿಕೆ. ಹೊರಡುವಾಗ, ಮನೆಮಗಳು ಬರಿ ಉಡಿಯಲ್ಲಿ ಹೋಗಬಾರದೆಂದು, ಸೊಸೆಯ ಕೈಯಿಂದ ನನ್ನ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನಕೊಂಬು, ಕುಬುಸದ ಖಣ ಹಾಕಿಸಿ ಉಡಿ ತುಂಬಿಸಿದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಾ ಬಂದವಳಿಗೆ ಸೊಂಟದಲ್ಲಿ ಏನಿದೆ ಎಂಬ ಎಚ್ಚರವಿರಬೇಕಲ್ಲ! ಹಾಗೇ ಮನೆಯೊಳಗೆ ಬಂದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಪರೀಕ್ಷಿಗೆ ಹೋದಾಕಿಗೆ ಉಡಿ ಯಾರ್ ತುಂಬಿದ್ರವಾ? ಹೆಡ್ ಮಾಸ್ತರಾ?"

ಬಚ್ಚಲಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಅವ್ವ ಸೆರಗಿನ ಗಂಟು ಬಿಚ್ಚಿ, ಅಕ್ಕಿಯನ್ನು ಮೊರಕ್ಕೆ ಸುರಿದು, ಕೊಬ್ಬರಿ ಬಟ್ಟಲನ್ನು ಮೂಸಿ ನೋಡಿದಳು. ನಾನು 'ಏನ್ ಕಡಿಮಿ ಮಾಡಿದ್ನವಾ' ಎಂಬ ಆ ಪ್ರಶ್ನೆಗಾಗಿ ಕಾಯುತ್ತಿದ್ದೆ.

"ಬಳಗ ಅಂತ ಹೆಂಗ ತಿಳಿತು?" ಅಂದಳು.

"ಉಗುಳಿನಿಂದ, ಅವ್ವಾ."

"ಬರೇ ಉಗುಳಿನ್ಯಾಗ?"

"ಹ್ಞೂಂ."

ಅವ್ವ ಮೊರವನ್ನು ಪಕ್ಕಕ್ಕೆ ತಳ್ಳಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಜಗಳಕ್ಕೆ ನಿಂತಂತಿತ್ತು. "ಹಲ್ಲು ಬರೂತನಕ ರೊಟ್ಟಿ ನಾ ಅಗದು ಅಗದು ನಿನ್ನ ಬಾಯಾಗ ಇಟ್ಟೀನಿ. ನನ್ನ ಎಂಜಲಾ ಉಂಡು ಬೆಳದ ಬಾಯಿ ಅದು! ಹಚ್ಚು ಆ ಕಂಪನಿಗೆ ಫೋನು. ನನ್ನ ಹೆಸರು ಹೆಂಗ ಬಿಟ್ರು ಅಂತ ನಾ ಕೇಳ್ತೀನಿ!"