ಅಂಗೀಕೃತ ಕೆಂಪು

ಸಾಲ್ಫರ್ಡ್‌ನ ಆರ್ಚರ್ಡ್ ಗೇಟ್ ಕೀಲುವಾತ ಕೇಂದ್ರದಲ್ಲಿ, ಕೆಂಪಾಗದ ಕೀಲು ಬಾತುಕೊಂಡಿಲ್ಲವೆಂದೂ, ಬಾತುಕೊಳ್ಳದ ಕೀಲು ನೋಯುವುದಿಲ್ಲವೆಂದೂ ಪರಿಗಣಿಸತಕ್ಕದ್ದು. ಇದು ನಿಯಮ. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ವಿಚಾರಿಸುವುದು ರೋಗಿಯ ಕೆಲಸವಲ್ಲ. ಗ್ರಹಣ ಹಿಡಿದಾಗ ನಾವು ಕಾರಣ ಕೇಳಿಕೊಂಡು ಸ್ನಾನಕ್ಕೆ ಹೋಗುತ್ತೇವೆಯೆ?

ನಿಯಮದ ಅನುಷ್ಠಾನಕ್ಕಾಗಿ ಅಲ್ಲಿನ ನರ್ಸ್ ಹೆದರ್ ಅವರ ಕೊರಳಲ್ಲಿ ಒಂದು ಬಣ್ಣದ ಪಟ್ಟಿ ತೂಗಾಡುತ್ತಿರುತ್ತದೆ. ಗೋಡೆಗೆ ಬಣ್ಣ ಹೊಡೆಸುವಾಗ ಅಂಗಡಿಯವನು ತೋರಿಸುತ್ತಾನಲ್ಲ, ಅಂಥದ್ದು. ಮೊದಲನೆಯ ಮನೆ ಹಾಲುಬಿಳಿ, ಐದನೆಯದು ಮಾಗಿದ ಟೊಮೇಟೊ. ಪಟ್ಟಿಯನ್ನು ಬೆರಳಿನ ಗೆಣ್ಣಿನ ಪಕ್ಕ ಹಿಡಿದಾಗ ನಾಲ್ಕೋ ಐದೋ ಬಂದರೆ ಇಂಜೆಕ್ಷನ್. ಅದಕ್ಕಿಂತ ಕಡಿಮೆ ಬಂದರೆ ಪ್ಯಾರಾಸಿಟಮಾಲ್ ಮತ್ತು ಎರಡು ಒಳ್ಳೆಯ ಮಾತು. ಪಟ್ಟಿಯಲ್ಲಿ ಕಂದುಬಣ್ಣದ ಮನೆ ಇಲ್ಲ. ಇರಬೇಕೆಂದು ಯಾರೂ ಅರ್ಜಿ ಹಾಕಿರಲಿಲ್ಲವಂತೆ.

ನನ್ನ ಮನೆಯವಳು ಜಲಜಾಳದು ಕಂದು ಕೈ. ಹೋದ ಚಳಿಗಾಲದಲ್ಲಿ ಅವಳ ಗೆಣ್ಣುಗಳು ಹಸಿಶುಂಠಿಯ ಹಾಗೆ ಉಬ್ಬಿಕೊಂಡವು. ಪಕ್ಕದ ಫ್ಲ್ಯಾಟಿನ ಮಿಸೆಸ್ ಕ್ಲೆಗ್ ಅವರಿಗೂ ಅದೇ ಕಾಲಕ್ಕೆ ಅದೇ ಕಾಯಿಲೆ ಬಂತು. ಬೆಳಗಾದರೆ ಇಬ್ಬರೂ ತಮ್ಮ ತಮ್ಮ ಡಬ್ಬಿ ಹಿಡಿದುಕೊಂಡು ನನ್ನ ಮುಂದೆ ನಿಲ್ಲುತ್ತಿದ್ದರು. ಒಬ್ಬರದು ಮಾರ್ಮಲೇಡ್, ಇನ್ನೊಬ್ಬಳದು ಮಾವಿನ ಉಪ್ಪಿನಕಾಯಿ. ಮುಚ್ಚಳ ತಿರುಗಿಸಿಕೊಡುವುದು ನನ್ನ ಪ್ರಾತಃಕಾಲದ ಕರ್ಮಗಳಲ್ಲಿ ಸೇರಿಹೋಯಿತು. ಸಂಧ್ಯಾವಂದನೆ, ಆಮೇಲೆ ಮುಚ್ಚಳ, ಆಮೇಲೆ ಕಾಫಿ. ಮಿಸೆಸ್ ಕ್ಲೆಗ್ ಅವರ ಗೆಣ್ಣು ಮಾಗಿದ ಟೊಮೇಟೊ ಆಯಿತು, ಇಂಜೆಕ್ಷನ್ ಬಂತು, ಈಸ್ಟರ್ ಹೊತ್ತಿಗೆ ಅವರು ಮಾರ್ಮಲೇಡನ್ನು ತಾವೇ ತೆಗೆದುಕೊಳ್ಳತೊಡಗಿದರು. ಜಲಜಾಳ ಗೆಣ್ಣು ಮಾತ್ರ ಮೊದಲಿಗಿಂತ ಸ್ವಲ್ಪ ಹೆಚ್ಚು ಕಂದಾಯಿತು, ಅಷ್ಟೆ.

ಉಪ್ಪಿನಕಾಯಿಯ ಮಾತು ಹಾಗಿರಲಿ. ನಮ್ಮ ಮನೆಗೆ ಬೇಕಾದದ್ದೆಲ್ಲ ಲೆಸ್ಟರ್‌ನ ಅಂಗಡಿಯಿಂದ ಬರುತ್ತದೆ, ದೀಪದ ಬತ್ತಿಯೊಂದನ್ನು ಬಿಟ್ಟು. ಬತ್ತಿಯನ್ನು ಜಲಜಾ ತಾನೇ ಹೊಸೆಯಬೇಕು. ಕೊಂಡುತಂದ ಬತ್ತಿ ಹಚ್ಚುವುದೆಂದರೆ ಬಾಡಿಗೆಗೆ ಕರೆಸಿದವರಿಂದ ನಮಸ್ಕಾರ ಹಾಕಿಸಿದ ಹಾಗೆ ಎಂಬುದು ಅವಳ ಮತ. ಆ ಚಳಿಗಾಲ ಹತ್ತಿ ಅವಳ ಬೆರಳಿನಲ್ಲಿ ನಿಲ್ಲಲಿಲ್ಲ. ನಾನು ಹೊಸೆದೆ, ನನ್ನದು ಬತ್ತಿಯಾಗದೆ ಕಂಬಳಿಹುಳುವಾಯಿತು. ಕೊನೆಗೆ ಪ್ಯಾಕೆಟ್ ತರಿಸಿದೆವು. ದೀಪ ಚೆನ್ನಾಗಿಯೇ ಉರಿಯಿತು. ಅವಳು ಅದರ ಕಡೆ ನೋಡದೆ ಕೈ ಮುಗಿದಳು. ಮುಗಿದ ಕೈಗಳ ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಜಾಗವಿತ್ತು.

ಲೀಡ್ಸ್‌ನಲ್ಲಿ ಡಾಕ್ಟರಾಗಿರುವ ಸುಚೇತಾ ನಮ್ಮ ಶನಿವಾರದ ಭಜನೆಗೆ ಬರುವ ಹುಡುಗಿ. ಜಲಜಾಳ ಗೆಣ್ಣುಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ನನ್ನನ್ನು ಅಡಿಗೆಮನೆಗೆ ಕರೆದಳು.

“ಅಂಕಲ್, ಇದನ್ನ ಬೇಗ ಹಿಡೀಬೇಕು. ತಡ ಆದ್ರೆ ಬೆರಳು ಒಂದು ಕಡೆ ವಾಲ್ಕೊಂಡು ಹಾಗೇ ಸೆಟ್ ಆಗ್ಬಿಡತ್ತೆ. ಆಮೇಲೆ ಏನು ಕೊಟ್ರೂ ವಾಪಸ್ ಬರಲ್ಲ.”

ಆದ್ದರಿಂದ ಕೇಂದ್ರಕ್ಕೆ ಹೋದೆವು. ಈ ಸೀಮೆಯಲ್ಲಿ ಎದುರಾದವರನ್ನು “ಆಲ್ ರೈಟ್, ಲವ್?” ಎಂದು ಕೇಳುವುದು ಸಂಪ್ರದಾಯ. ನರ್ಸ್ ಹೆದರ್ ಬಾಗಿಲಲ್ಲೇ ಕೇಳಿದರು. ಯಾರಾದರೂ ಕ್ಷೇಮ ಕೇಳಿದರೆ ದೇವರ ದಯೆಯಿಂದ ಚೆನ್ನಾಗಿದ್ದೇನೆ ಎನ್ನುವುದು ನಮ್ಮ ಸಂಪ್ರದಾಯ. ಹೊಸಿಲಿನ ಮೇಲೆ ನಿಂತು ಅಶುಭ ನುಡಿಯುವವರುಂಟೆ? ಜಲಜಾ ಹಾಗೆಯೇ ಹೇಳಿದಳು. ಎರಡೂ ಸಂಪ್ರದಾಯಗಳು ಸಂಧಿಸಿದ ಆ ಕ್ಷಣದಲ್ಲಿ ಕಂಪ್ಯೂಟರಿನಲ್ಲಿ ‘ರೋಗಿ ಚೆನ್ನಾಗಿದ್ದಾರೆ’ ಎಂದು ದಾಖಲಾಯಿತು. ರಕ್ತಪರೀಕ್ಷೆಯೂ ಆಗಿತ್ತು, ಅದು ಹೌದೆಂದೂ ಅಲ್ಲವೆಂದೂ ಹೇಳದೆ ಬೀಗರ ಮನೆಯ ಹಿರಿಯನಂತೆ ನಡೆದುಕೊಂಡಿತು. ಬೆಳಗಿನ ಬಿಗಿತ ಇದೆಯೇ ಎಂದು ಕೇಳಿದರು, ಇದೆ ಎಂದೆವು. ತೋರಿಸಿ ಎಂದರು. ಆಗ ಮಧ್ಯಾಹ್ನವಾಗಿತ್ತು. ಬೆಳಗಿನ ಬಿಗಿತವನ್ನು ಪರೀಕ್ಷಿಸುವ ವೇಳೆ ಮಧ್ಯಾಹ್ನವೇ ಎಂದು ಗೋಡೆಯ ಮೇಲೆ ಬರೆದಿತ್ತು.

ಕೊನೆಗೆ ಪಟ್ಟಿ ಹಿಡಿದರು. ಕಂದುಬಣ್ಣವನ್ನು ಯಾವ ಮನೆಗೂ ಸೇರಿಸಲಾಗದೆ, ಹೆದರ್ ಅದನ್ನು ಮರ್ಯಾದೆಗಾಗಿ ಎರಡನೆಯ ಮನೆಗೆ ಸೇರಿಸಿದರು. ದೊಡ್ಡ ಡಾಕ್ಟರ್ ಪಿಂಚ್‌ಬೆಕ್ ತಲೆಯೆತ್ತದೆ ಅಭಿನಂದಿಸಿದರು.

ಟ್ರಾಮಿನಲ್ಲಿ ಬರುವಾಗ ಜಲಜಾ ಹೇಳಿದಳು: “ರೀ, ನನ್ನ ಕೈಗೆ ನೋವಿಲ್ಲವಂತೆ. ಈ ವಿಷಯ ಕೈಗೆ ಯಾರು ಹೇಳೋದು?”

ಗೆಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಬಾವು ತಿಳಿಯುತ್ತದೆ, ಚರ್ಮದ ಬಣ್ಣದ ಹಂಗು ಬೇಡ ಎಂದು ಸುಚೇತಾ ಕೇಂದ್ರದವರಿಗೆ ವಿನಯವಾಗಿ ತಿಳಿಸಿದಳು. ಸಲಹೆಯನ್ನು ಸ್ವಾಗತಿಸಿದರು. ಆದರೆ ಹೆಬ್ಬೆರಳು ಹೊಸ ಉಪಕರಣವಾದ್ದರಿಂದ ಅದರ ಸುರಕ್ಷತೆ, ತರಬೇತಿ, ವಿಮೆ ಇವನ್ನು ಪರಿಶೀಲಿಸಲು ಉಪಸಮಿತಿ ರಚಿಸಬೇಕಾಗುತ್ತದೆ ಎಂದರು. ಉಪಸಮಿತಿ ಕೂತಿತು. ಎಡ ಹೆಬ್ಬೆರಳೋ ಬಲ ಹೆಬ್ಬೆರಳೋ ಎಂಬಲ್ಲಿ ಭಿನ್ನಾಭಿಪ್ರಾಯ ಬಂದು ಎದ್ದಿತು. ಆ ಅವಧಿಯಲ್ಲಿ ಜಲಜಾಳ ಬಲಗೈಯ ಕಿರುಬೆರಳು ಹೊರಗಡೆಗೆ ವಾಲಲು ಶುರುವಾಯಿತು, ಸಭೆಯಿಂದ ಮೊದಲೇ ಎದ್ದುಹೋಗುವವರ ಹಾಗೆ.

ಎರಡನೆಯ ಸಲ ಹೋಗಬೇಕಾದ ದಿನ ಬೆಳಗ್ಗೆ ಅವಳಿಗೆ ಹಲ್ಲುಜ್ಜುವ ಬ್ರಶ್ಶೂ ಹಿಡಿಯಲಾಗಲಿಲ್ಲ. ಊತಕ್ಕೆ ನಮ್ಮ ತಾಯಿ ಅಜ್ಜಿಯರು ಮಾಡುತ್ತಿದ್ದುದನ್ನೇ ನಾನು ಮಾಡಿದೆ. ಅರಿಶಿನಕ್ಕೆ ಎಲೆಅಡಿಕೆಯ ಸುಣ್ಣ ಕಲಸಿ, ಬೆಚ್ಚಗೆ ಮಾಡಿ, ಎಲ್ಲಾ ಗೆಣ್ಣಿಗೂ ಪಟ್ಟು ಹಾಕಿದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ನೀರು ಕದಡಿದ ಯಾವ ಮಗುವಿಗೂ ಗೊತ್ತು. ಪಟ್ಟು ಒಣಗಿತು, ಟ್ರಾಮಿಗೆ ಹೊತ್ತಾಯಿತು, ತೊಳೆಯುವುದು ಮರೆಯಿತು. ಚಳಿಗೆ ಹಾಕಿದ್ದ ಕೈಗವಸು ತೆಗೆದದ್ದು ಪರೀಕ್ಷೆಯ ಕೋಣೆಯಲ್ಲೇ.

ನರ್ಸ್ ಹೆದರ್ ಪಟ್ಟಿ ಹಿಡಿದವರು ಹಾಗೇ ನಿಂತರು. ಐದನೆಯ ಮನೆ. ಗೆರೆ ಕೊರೆದ ಹಾಗೆ ಐದು. ಅವರು ಜಲಜಾಳನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಡಾಕ್ಟರ್ ಪಿಂಚ್‌ಬೆಕ್ ಅವರನ್ನು ಕರೆತಂದರು. ಡಾಕ್ಟರು ಮೊದಲ ಸಲ ತಲೆಯೆತ್ತಿದರು. ಇಷ್ಟು ದಿನ ಇದನ್ನು ಸಹಿಸಿಕೊಂಡು ಯಾಕಮ್ಮ ಸುಮ್ಮನಿದ್ದಿರಿ ಎಂದು ನೊಂದುಕೊಂಡರು. ಇಂಜೆಕ್ಷನ್ ಬರೆಯಲು ಪೆನ್ನೂ ತೆಗೆದರು.

ಆಗ ಜಲಜಾ ನನ್ನ ಮುಖ ನೋಡಿದಳು. ಅದರ ಅರ್ಥ ನನಗೆ ಗೊತ್ತಾಯಿತು. ನಾನು ಕಣ್ಣಿನಲ್ಲೇ ಬೇಡ ಎಂದೆ. ಆದರೆ ದೀಪದ ಮುಂದೆ ಸುಳ್ಳು ಹೇಳದವಳು ಟ್ಯೂಬ್‌ಲೈಟಿನ ಕೆಳಗೆ ಹೇಳುವಳೆ? “ಡಾಕ್ಟರೇ, ಈ ಕೆಂಪು ನನ್ನದಲ್ಲ. ಅರಿಶಿನ ಸುಣ್ಣದ್ದು. ನೋವು ಮಾತ್ರ ನನ್ನದು,” ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು.

ಪೆನ್ನು ನಿಂತಿತು. ನಾನು ಮನಸ್ಸಿನಲ್ಲೇ ರಾಯರಿಗೆ ಹರಕೆ ಹೊತ್ತೆ. ಡಾಕ್ಟರು ನಿಯಮಾವಳಿ ತರಿಸಿದರು. ಅದನ್ನು ಓದಲು ಸಮಾನತಾ ಅಧಿಕಾರಿ ಮಿಸ್ಟರ್ ಗ್ರಿಮ್‌ಶಾ ಅವರೇ ಮಹಡಿಯಿಂದ ಇಳಿದು ಬಂದರು. ಗಂಭೀರವಾದ ಮನುಷ್ಯ, ತಮ್ಮ ಶೀತಕ್ಕೂ ಅನುಮತಿ ಪಡೆದು ಸೀನುವವರಂತೆ ಕಾಣುತ್ತಿದ್ದರು. ಅವರು ಬೆರಳಿಟ್ಟು ಓದಿದರು: ಕೀಲಿನ ಮೇಲೆ ಕೆಂಪು ಕಂಡುಬರತಕ್ಕದ್ದು.

“ಕಂಡುಬಂದಿದೆಯೆ?” ಎಂದರು.

“ಕಂಡುಬಂದಿದೆ,” ಎಂದರು ಹೆದರ್.

“ಎಲ್ಲಿಂದ ಬರತಕ್ಕದ್ದು ಎಂದು ಬರೆದಿಲ್ಲ,” ಎಂದು ಗ್ರಿಮ್‌ಶಾ ಪುಸ್ತಕ ಮುಚ್ಚಿದರು.

ಜಲಜಾಗೆ ಇಂಜೆಕ್ಷನ್ ಆಯಿತು.

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಕಂದು ಚರ್ಮದ ರೋಗಿಗಳಿಗೆ ಚಿಕಿತ್ಸೆ ತಲುಪುತ್ತಿಲ್ಲವೆಂದು ಮೇಲಿನವರು ಗ್ರಿಮ್‌ಶಾ ಅವರನ್ನು ಬಹಳ ದಿನಗಳಿಂದ ಪೀಡಿಸುತ್ತಿದ್ದರು. ಒಂದೇ ಮಧ್ಯಾಹ್ನದಲ್ಲಿ ಒಬ್ಬರಿಗೆ ತಲುಪಿಬಿಟ್ಟಿತ್ತು. ವಿಧಾನ ಅಗ್ಗವಾಗಿತ್ತು, ಹೆಬ್ಬೆರಳಿನ ಅಗತ್ಯವೂ ಇರಲಿಲ್ಲ. ಮುಂದಿನ ವಾರವೇ ಕೇಂದ್ರದ ಬಾಗಿಲಲ್ಲಿ ಪ್ರಕಟಣೆ ಬಿತ್ತು:

‘ಸ್ವಭಾವತಃ ಕೆಂಪಾಗಲು ಅನನುಕೂಲವಿರುವ ರೋಗಿಗಳು ಮನೆಯಿಂದಲೇ ಕೆಂಪನ್ನು ತರತಕ್ಕದ್ದು. ತಂದ ಕೆಂಪು ಅಂಗೀಕೃತ ಛಾಯೆಯಲ್ಲಿರತಕ್ಕದ್ದು. ಲಿಪ್‌ಸ್ಟಿಕ್, ಟೊಮೇಟೊ ಸಾಸ್, ಮೆಹಂದಿ ಇವನ್ನು ಕೆಂಪೆಂದು ಪರಿಗಣಿಸಲಾಗುವುದಿಲ್ಲ. ನೋವು ಇರುವವರು ಅದನ್ನು ಕೆಂಪಿನ ಜೊತೆಗೇ ತರುವುದು. ಪ್ರತ್ಯೇಕವಾಗಿ ತಂದ ನೋವನ್ನು ಸ್ವೀಕರಿಸುವುದಿಲ್ಲ.’

ಪಟ್ಟು ಹಾಕಿಸಿಕೊಳ್ಳಲು ಜನ ನಮ್ಮ ಮನೆಗೆ ಬಂದರು. ನಮ್ಮ ಭಜನಾ ಮಂಡಳಿಯಲ್ಲಿ ಮಂಡಿ ಹಿಡಿದುಕೊಂಡು ಕೂರುತ್ತಿದ್ದವರೆಲ್ಲ ಬಂದರು. ಜಮೈಕಾ ಮೂಲದ ಡೆಸ್ಮಂಡ್ ಎಂಬ ಬಸ್ ಡ್ರೈವರ್, ಐದು ವರ್ಷ ಪ್ಯಾರಾಸಿಟಮಾಲ್ ನುಂಗಿದವರು, ಕೈ ಚಾಚಿ ಪಟ್ಟು ಹಾಕಿಸಿಕೊಂಡರು. ಅವರ ಚರ್ಮದ ಮೇಲೆ ಅದು ನಾಲ್ಕಕ್ಕೆ ಬರಲು ಮೂರು ಲೇಪ ಬೇಕಾಯಿತು. ಅವರಿಗೆ ಕೇಂದ್ರದಿಂದ ಹೆಚ್ಚುವರಿ ಸುಣ್ಣ ಮಂಜೂರಾಯಿತು. ಮಂಜೂರಾದದ್ದನ್ನು ಗ್ರಿಮ್‌ಶಾ ಅವರು ವರದಿಯಲ್ಲಿ ವಿಶೇಷ ಅನುದಾನವೆಂದು ತೋರಿಸಿ ಪ್ರಶಸ್ತಿ ಪಡೆದರು. ಪ್ರಶಸ್ತಿ ಸ್ವೀಕರಿಸುವಾಗ ಗೌರವಾರ್ಥವಾಗಿ ತಮ್ಮ ಗೆಣ್ಣಿಗೂ ಹಚ್ಚಿಕೊಂಡಿದ್ದರಂತೆ.

ಸುಚೇತಾ ಮಾತ್ರ ಒಂದು ಶನಿವಾರ ತಾಳ ಕೆಳಗಿಟ್ಟು, “ಅಂಕಲ್, ಒಂದ್ಸಲ ಒತ್ತಿ ನೋಡಿದ್ರೆ ಸಾಕಾಗಿತ್ತು,” ಎಂದಳು. ಅದು ನಿಜವೇ. ಆದರೆ ನಿಜಕ್ಕೆ ಇನ್ನೂ ಉಪಸಮಿತಿಯ ವರದಿ ಬಂದಿರಲಿಲ್ಲ.

ಔಷಧ ಹಿಡಿಯಿತು. ಬಾವು ಇಳಿಯಿತು. ವಾಲಿದ ಕಿರುಬೆರಳು ವಾಲಿದಷ್ಟರಲ್ಲೇ ನಿಂತಿತು. ಹೋದದ್ದು ಹಿಂದಕ್ಕೆ ಬರಲಿಲ್ಲ, ಉಳಿದದ್ದು ಉಳಿಯಿತು. ಒಂದು ಸಂಜೆ ಜಲಜಾ ಹತ್ತಿಯ ಡಬ್ಬಿಯ ಮುಚ್ಚಳ ತಾನೇ ತೆಗೆದು ಬತ್ತಿ ಹೊಸೆದಳು. ತುಸು ಸೊಟ್ಟಗಿತ್ತು. ಅಂದು ದೀಪವನ್ನು ಬಹಳ ಹೊತ್ತು ನೋಡಿದಳು.

ಆದರೆ ಪರಿಶೀಲನೆ ಎಂಬುದೊಂದಿದೆ. ಪರಿಶೀಲನೆಯಲ್ಲಿ ಕೆಂಪು ಪೂರ್ತಿ ಹೋಗಿದ್ದರೆ ರೋಗ ಗುಣವಾಗಿದೆ ಎಂದು ಇಂಜೆಕ್ಷನ್ ನಿಲ್ಲಿಸುತ್ತಾರೆ. ಐದರಲ್ಲೇ ನಿಂತಿದ್ದರೆ ಔಷಧ ನಾಟಲಿಲ್ಲವೆಂದು ಇಂಜೆಕ್ಷನ್ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಬಾವು ಮರಳುತ್ತದೆ, ಈ ಸಲ ಉಳಿದ ಬೆರಳುಗಳೂ ಕಿರುಬೆರಳಿನ ಹಿಂದೆ ಹೊರಡುತ್ತವೆ. ಉಳಿಯುವ ದಾರಿ ನಾಲ್ಕನೆಯ ಮನೆಯೊಂದೇ. ಅರಿಶಿನ ಇಷ್ಟು, ಸುಣ್ಣ ಕಡಲೆಬೇಳೆಯಷ್ಟು ಕಡಿಮೆ. ಹೆಚ್ಚಾದರೆ ಟೊಮೇಟೊ, ಕಡಿಮೆಯಾದರೆ ಕಿತ್ತಳೆ. ಸುಣ್ಣದ ಹದ ಕೈಗೆ ಬರಲು ನನಗೆ ಸ್ವಲ್ಪ ದಿನ ಬೇಕಾಯಿತು. ರಾಯರು ನಡೆಸಿಕೊಟ್ಟರು.

ಮೊನ್ನೆ ಪರಿಶೀಲನೆಗೆ ಹೋದೆವು. ಬಾಗಿಲಲ್ಲಿ ನರ್ಸ್ ಹೆದರ್, “ಆಲ್ ರೈಟ್, ಲವ್?” ಎಂದರು. ದೇವರ ದಯೆಯಿಂದ ಚೆನ್ನಾಗಿದ್ದೇನೆ ಎಂದಳು ಜಲಜಾ. ಈ ಸಲ ಅದು ನಿಜವಾಗಿತ್ತು. ಹೆದರ್ ಪಟ್ಟಿ ಹಿಡಿದು ನೋಡಿ, “ಧೈರ್ಯಸ್ಥೆ,” ಎಂದು ಮರುಗಿ, ‘ತೀವ್ರ ನೋವು, ಸುಧಾರಿಸುತ್ತಿದೆ’ ಎಂದು ದಾಖಲಿಸಿದರು. ಇಂಜೆಕ್ಷನ್ ಮುಂದುವರಿಯಿತು.

ಇಂದು ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ಏಳುವಷ್ಟರಲ್ಲಿ ಮಿಸೆಸ್ ಕ್ಲೆಗ್ ಬಾಗಿಲಲ್ಲಿದ್ದರು. ಔಷಧ ಅವರಿಗೂ ಚೆನ್ನಾಗಿ ಹಿಡಿದು, ತಾನಾಗಿಯೇ ಬಂದಿದ್ದ ಕೆಂಪೆಲ್ಲ ಇಳಿದು ಕೈ ಹಾಲುಬಿಳಿಯಾಗಿದೆ. ಮಧ್ಯಾಹ್ನ ಅವರ ಪರಿಶೀಲನೆ. ಎರಡೂ ಅಂಗೈ ಮಗುಚಿ ನನ್ನ ಮುಂದೆ ಹಿಡಿದು, ನಾಲ್ಕಕ್ಕೆ ಸರಿಯಾಗಿ ಬರಲಿ, ಹೋದ ಸಲ ಡೆಸ್ಮಂಡ್‌ಗೆ ಹಾಕಿದ ಹಾಗೆ ಬಳಿಯಬೇಡಿ ಎಂದರು. ಜಲಜಾ ಒಳಗಿನಿಂದ, ಬಿಳಿಯವರ ಕೈಗೆ ಸುಣ್ಣ ಕಡಿಮೆ ಸಾಕು, ಉಳಿದದ್ದನ್ನು ಪೋಲು ಮಾಡಬೇಡಿ ಎಂದು ಕೂಗಿ ಹೇಳಿದಳು.

ಮಾರ್ಮಲೇಡ್, ಉಪ್ಪಿನಕಾಯಿ, ಹತ್ತಿ, ಈ ಡಬ್ಬಿಗಳನ್ನೆಲ್ಲ ಈಗ ಅವರವರೇ ತೆಗೆದುಕೊಳ್ಳುತ್ತಾರೆ. ಸುಣ್ಣದ ಡಬ್ಬಿಯನ್ನು ಮಾತ್ರ ನಾನು ತೆಗೆಯುತ್ತೇನೆ. ಸಂಧ್ಯಾವಂದನೆ, ಆಮೇಲೆ ಕೆಂಪು, ಆಮೇಲೆ ಕಾಫಿ.